ನಾನು ನಿಷೇಧಿಸಿದ ಮಾತು

ಅತೆಂಪಾದಲ್ಲಿ ಮಕ್ಕಳನ್ನು ಹೆಸರು ಹಿಡಿದು ಕೂಗಿದರೆ ಅವು "ಏನು?" ಅನ್ನುವುದಿಲ್ಲ. "ಅಪ್ಪಣೆ?" ಅನ್ನುತ್ತವೆ. ಮೂರು ವರ್ಷದ ಕೂಸು ಮೂಗು ಸುರಿಸಿಕೊಂಡು ಕೋಳಿಯ ಹಿಂದೆ ಓಡುತ್ತಿರುತ್ತದೆ. ಅಜ್ಜಿ ಕೂಗಿದ ಕೂಡಲೇ ನಿಂತು, ತಿರುಗಿ, "ಅಪ್ಪಣೆ?" ಅನ್ನುತ್ತದೆ. ಕಿವಿ ಮಂದವಾದ ಮುದುಕರಿಗೆ ಮಾತು ಸರಿಯಾಗಿ ಕೇಳಿಸದಿದ್ದರೆ ಅವರೂ ಅದನ್ನೇ ಅನ್ನುತ್ತಾರೆ. ಈ ದೇಶದ ಮುಕ್ಕಾಲು ಪಾಲು ಜನರ ಬಾಯಲ್ಲಿ ಇರುವ ಮಾತೇ ಅದು, ಯಾರೂ ಅದರ ಅರ್ಥ ಯೋಚಿಸಿ ಆಡುವುದಿಲ್ಲ. ನಾನು ಮಾತ್ರ ಯೋಚಿಸುತ್ತಿದ್ದೆ. ಆ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸುಮ್ಮನೆ ಉರಿಯುತ್ತಿರಲಿಲ್ಲ. ನಾನು ತಾಂಪಿಕೊ ಬಂದರಿನವಳು. ನನ್ನಮ್ಮ ಇಪ್ಪತ್ತೆಂಟು ವರ್ಷ ಒಂದೇ ಮನೆಯ ಅಡಿಗೆಮನೆಯಲ್ಲಿ ದುಡಿದಳು. ಮಹಡಿಯ ಮೇಲಿಂದ ಯಾರಾದರೂ ಕೂಗಿದರೆ ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಮೆಟ್ಟಿಲ ಬುಡಕ್ಕೆ ಓಡಿ, ಕತ್ತೆತ್ತಿ, "ಅಪ್ಪಣೆ?" ಅನ್ನುತ್ತಿದ್ದಳು. ಏಳು ವರ್ಷದವಳಾಗಿದ್ದಾಗ ಆ ಮನೆಯ ನನ್ನ ವಯಸ್ಸಿನ ಹುಡುಗಿಗೆ ನಾನೂ ಹಾಗೇ ಅಂದಿದ್ದೇನೆ. ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಅಮ್ಮ ಕಣ್ಣು ಮುಚ್ಚಿ ಮಲಗಿದ್ದಾಗ ನಾನು ಬಗ್ಗಿ "ಅಮ್ಮಾ" ಎಂದೆ. "ಅಪ್ಪಣೆ?" ಎಂದಳು. ನನಗೆ! ತಾನು ಹೆತ್ತ ಮಗಳಿಗೆ! ಆಮೇಲೆ ಅವಳು ಮಾತಾಡಲಿಲ್ಲ. ಅವತ್ತಿನಿಂದ ಆ ಮಾತಿನ ಮೇಲೆ ನನ್ನದು ಹಗೆ.

ಗುಡ್ಡದ ಮೇಲಿನ ಈ ಊರಿಗೆ ಟೀಚರಾಗಿ ಬಂದು ಮೂರು ವರ್ಷವಾಗಿತ್ತು. ಊರವರ ಲೆಕ್ಕದಲ್ಲಿ ನಾನಿನ್ನೂ ಹೊರಗಿನವಳೇ. ಎದುರಿಗೆ "ಮಾಯೆಸ್ತ್ರಾ ಇರ್ಮಾ", ಅಂದರೆ ಇರ್ಮಾ ಟೀಚರ್, ಅನ್ನುತ್ತಿದ್ದರು. ಬೆನ್ನ ಹಿಂದೆ "ಹೊರಗಿನವಳು". ಬೆನ್ನ ಹಿಂದೆ ಅಂದದ್ದೆಲ್ಲ ಮಕ್ಕಳು ಮಾರನೆಯ ಬೆಳಿಗ್ಗೆ ನನ್ನ ಮುಂದೆ ತಂದು ಸುರಿಯುತ್ತಿದ್ದವು, ಆದ್ದರಿಂದ ಆ ಊರಿನಲ್ಲಿ ಬೆನ್ನ ಹಿಂದೆ ಎಂಬುದೇ ಇರಲಿಲ್ಲ.

ಶಾಲೆ ಅಂದರೆ ತಗಡಿನ ಮಾಡಿನ ಒಂದು ಕೋಣೆ. ಅದರ ಬೆನ್ನಿಗೆ ಅಂಟಿಕೊಂಡ ಇನ್ನೊಂದು ಕೋಣೆಯಲ್ಲಿ ನನ್ನ ಸಂಸಾರ. ಆರು ವರ್ಷದಿಂದ ಹನ್ನೆರಡು ವರ್ಷದವರೆಗಿನ ಹತ್ತೊಂಬತ್ತು ಮಕ್ಕಳು, ಎಲ್ಲಕ್ಕೂ ನಾನೊಬ್ಬಳೇ. ಹೆಚ್ಚಿನವರ ಅಪ್ಪ ಅಮ್ಮ ಉತ್ತರದ ಟೊಮೇಟೊ ತೋಟಗಳಲ್ಲಿ ಕೂಲಿಗೆ ಹೋದವರು, ಮಕ್ಕಳು ಅಜ್ಜಿಯರ ಕೈಯಲ್ಲಿ. ಶಾಲೆ ಎಂಟು ಗಂಟೆಗೆ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದೆ. ಆರೂವರೆಗೇ ನನ್ನ ಕಿಟಕಿಯಲ್ಲಿ ಮೂರು ನಾಲ್ಕು ತಲೆ ಸಾಲಾಗಿ ಕಾಣಿಸುತ್ತಿದ್ದವು. ಹೊರಗಿನವಳು ಹೇಗೆ ತಲೆ ಬಾಚುತ್ತಾಳೆ, ಒಲೆ ಹೊತ್ತಿಸಲು ಎಷ್ಟು ಕಡ್ಡಿ ಗೀರುತ್ತಾಳೆ ಎಂದು ನೋಡುವುದೇ ಅವರಿಗೆ ಮೊದಲ ಪಾಠ.

"ಮಾಯೆಸ್ತ್ರಾ, ನಿಮ್ ರೊಟ್ಟಿಗೆ ಕಿವಿ ಬಂದಿದೆ," ಅನ್ನುತ್ತಿದ್ದಳು ಬ್ರಿಹಿದಾ. ಒಂಬತ್ತು ವರ್ಷದವಳು, ನನ್ನ ಶಾಲೆಯಲ್ಲೇ ಚುರುಕು ಹುಡುಗಿ, ನಾಲಿಗೆಗೆ ಮಾತ್ರ ಕಡಿವಾಣವಿಲ್ಲ.

"ಕಿವಿ ಇರ್ಲಿ ಬಿಡೆ, ನೀವಾಡೋದನ್ನ ಕೇಳಿಸ್ಕೊಳ್ಳಲಿ."

"ಬಾಲಾನೂ ಇದೆ."

ಸಿರಿಲೋ ಎಂಬ ಆರು ವರ್ಷದವನು ಅಂಗಿಯೊಳಗೆ ಕೋಳಿಮರಿ ಇಟ್ಟುಕೊಂಡೇ ಬರುತ್ತಿದ್ದ. ಕೂಡಿಸುವ ಲೆಕ್ಕ ಮಾಡುವಾಗ ಅವನ ಹೊಟ್ಟೆ ಚಿಂವ್ ಅನ್ನುತ್ತಿತ್ತು. ಸಮುದ್ರ ಎಂದರೆ ಅವನಿಗೆ ಎಲ್ಲಿಲ್ಲದ ಕುತೂಹಲ. "ಅದಕ್ಕೆ ಬೇಲಿ ಇಲ್ವಾ? ಹಂಗಾದ್ರೆ ದನ ಒಳಗೆ ಹೋಗಲ್ವಾ?" ಎಂದು ಕೇಳುತ್ತಿದ್ದ. ನಾನು ಅವರಿಗೆ ಅಕ್ಷರ ಕಲಿಸಿದೆ. ಅವರು ನನಗೆ ಯಾವ ಅಣಬೆ ತಿಂದರೆ ಸಾಯುತ್ತೇನೆ, ಯಾರ ಮನೆಯ ನಾಯಿ ಹಿಂದಿನಿಂದ ಕಚ್ಚುತ್ತದೆ, ಯಾವ ಅಜ್ಜಿ ಯಾವ ಅಜ್ಜಿಯೊಡನೆ ಮಾತು ಬಿಟ್ಟಿದ್ದಾಳೆ ಎಂಬುದನ್ನೆಲ್ಲ ಕಲಿಸಿದರು. ಯಾರು ಯಾರಿಗೆ ಹೆಚ್ಚು ಕಲಿಸಿದರು ಎಂದು ಕೇಳಿದರೆ ನನಗೆ ನಾಚಿಕೆಯಾಗುತ್ತದೆ.

ಅಕ್ಟೋಬರಿನ ಒಂದು ಸೋಮವಾರ ಹಾಜರಿ ಕೂಗುತ್ತಿದ್ದೆ. ಅಪ್ಪಣೆ, ಅಪ್ಪಣೆ, ಅಪ್ಪಣೆ ಎಂದು ಹತ್ತೊಂಬತ್ತು ಸಲ ಕೇಳಿ ನನ್ನ ತಲೆ ಕೆಟ್ಟಿತು. ಹಾಜರಿ ಪುಸ್ತಕ ಮೇಜಿನ ಮೇಲೆ ಬಡಿದೆ.

"ಇವತ್ತಿಂದ ಈ ಕೋಣೇಲಿ ಆ ಮಾತಿಲ್ಲ. ನಾನೇನು ನಿಮ್ಮ ಯಜಮಾನಿನಾ? ನಿಮ್ಮನ್ನ ಖರೀದಿ ಮಾಡಿದೀನಾ? ಕೂಗಿದ್ರೆ 'ಏನು' ಅನ್ನಿ. ತಲೆ ಎತ್ತಿ ಅನ್ನಿ. ಸಿರಿಲೋ!"

"ಅಪ್ಪ..." ಎಂದು ಬಾಯಿ ಮುಚ್ಚಿಕೊಂಡ.

"ಸಿರಿಲೋ!"

"ಏನು?" ಎಂದ, ಹೆದರಿಕೊಂಡು. ಆಮೇಲೆ ಅದರ ರುಚಿ ಹತ್ತಿತು. "ಏನು! ಏನು! ಏನು!" ಎಂದು ಕುಣಿದ. ಕೋಣೆಗೆ ಕೋಣೆಯೇ ಎದ್ದು ಕುಣಿಯಿತು. ನನಗೆ ಎದೆ ಉಬ್ಬಿತು. ಹತ್ತೊಂಬತ್ತು ಬೆನ್ನುಗಳನ್ನು ಒಂದೇ ದಿನದಲ್ಲಿ ನೆಟ್ಟಗೆ ಮಾಡಿಬಿಟ್ಟೆ ಎಂದುಕೊಂಡೆ. ನನ್ನ ಜಂಬಕ್ಕೆ ಆಗ ಅಂಕೆಯಿರಲಿಲ್ಲ.

ಅವತ್ತೇ ಮಧ್ಯಾಹ್ನ ದೋನ್ಯಾ ಕ್ರಿಸ್ಪಿನಾ ಗುಡ್ಡ ಹತ್ತಿ ಬಂದಳು. ಬ್ರಿಹಿದಾಳ ಅಜ್ಜಿ, ಎಪ್ಪತ್ತು ದಾಟಿದವಳು, ಮಕ್ಕಳ ಪೋಷಕರ ಸಮಿತಿಗೆ ಅಧ್ಯಕ್ಷೆ. ಹಿರಿಯ ಹೆಂಗಸರನ್ನು ಇಲ್ಲಿ ಗೌರವದಿಂದ ದೋನ್ಯಾ ಅನ್ನುತ್ತಾರೆ, ಗಂಡಸರನ್ನು ದೋನ್. ಒಂದು ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಚಪ್ಪಲಿ ಕೈಯಲ್ಲಿತ್ತು. ಬ್ರಿಹಿದಾ ಎಲ್ಲೂ ಕಾಣಲಿಲ್ಲ, ಆಮೇಲೆ ನೋಡಿದರೆ ನನ್ನ ಮಂಚದ ಕೆಳಗಿದ್ದಳು.

"ನೀರು ತಗೊಂಬಾ ಅಂತ ಕೂಗಿದೆ. 'ಏನು?' ಅಂದ್ಳು ನನಗೆ. ನನ್ನ ಮೊಮ್ಮಗಳು, ನನ್ನ ಅಂಗಳದಲ್ಲಿ, ನಾನು ಬೇಯಿಸಿದ್ದನ್ನ ಬಾಯಲ್ಲಿ ಇಟ್ಕೊಂಡು 'ಏನು?' ಅಂದ್ಳು. ಯಾರು ಕಲಿಸಿದ್ದು ಅಂದ್ರೆ ಮಾಯೆಸ್ತ್ರಾ ಅಂತಾಳೆ."

"ಹೌದು ದೋನ್ಯಾ, ನಾನೇ ಕಲಿಸಿದ್ದು."

"ಯಾಕಮ್ಮಾ ನಮ್ ಮಕ್ಕಳ ಬಾಯಿ ಕೆಡಿಸ್ತೀಯ?"

"ಬಾಯಿ ಕೆಡಿಸ್ತಿಲ್ಲ, ಬೆನ್ನು ಸರಿ ಮಾಡ್ತಿದೀನಿ. 'ಅಪ್ಪಣೆ' ಅನ್ನೋದು ಆಳುಗಳ ಮಾತು ದೋನ್ಯಾ. ದೊಡ್ಡ ತೋಟಗಳ ಕಾಲದಲ್ಲಿ ಧಣಿ ಮುಂದೆ ನಿಮ್ಮಜ್ಜ ಕೈಕಟ್ಟಿ ನಿಂತು ಆಡಿದ ಮಾತು. ಈಗಲೂ ಅದೇ ಆಡ್ತಾ ಇದ್ರೆ..."

"ನಮ್ಮಜ್ಜನ್ನ ನೀನು ಯಾವಾಗ ನೋಡಿದ್ದೆ?"

ನಾನು ಮೇಜಿನ ಮೇಲಿನ ಹಾಜರಿ ಪುಸ್ತಕ ಸರಿಮಾಡಿಟ್ಟೆ.

"ನೋಡಿಲ್ಲ ಅಲ್ವಾ? ಹಂಗಾದ್ರೆ ಅವನ ಸುದ್ದಿಗೆ ಬರ್ಬೇಡ," ಎಂದಳು ಕ್ರಿಸ್ಪಿನಾ. ಚಪ್ಪಲಿಯನ್ನು ನೆಲಕ್ಕೆ ಹಾಕಿ ಕಾಲು ತೂರಿಸಿಕೊಂಡಳು. "'ಏನು' ಅಂದ್ರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. 'ಅಪ್ಪಣೆ' ಅಂದ್ರೆ ಎದುರಿಗಿರೋನು ಇನ್ನೊಂದ್ಸಲ ಬಾಯಿ ಬಿಡ್ಬೇಕು. ನಿನಗೆ ನಮ್ ಮಾತು ಬರುತ್ತೆ ಮಾಯೆಸ್ತ್ರಾ. ಅದರ ಕೆಲಸ ಗೊತ್ತಿಲ್ಲ."

ಎಷ್ಟು ಓದಿದವಳು ನಾನು, ಈ ಮುದುಕಿಗೆ ಏನು ಗೊತ್ತು ಎಂದು ಮನಸ್ಸಿನಲ್ಲೇ ನಕ್ಕೆ. ನಿಷೇಧ ಹಿಂತೆಗೆಯಲಿಲ್ಲ.

ಊರು ಟೀಚರಿಗೆ ಮನೆಮನೆಯ ಸರದಿಯಲ್ಲಿ ಮಧ್ಯಾಹ್ನದ ಊಟ ಕಳಿಸುತ್ತದೆ. ಮಾರನೆಯ ದಿನದಿಂದ ನನ್ನ ರೊಟ್ಟಿ ತಣ್ಣಗೆ ಬರತೊಡಗಿತು. ಆಮೇಲೆ ಕಾಳಿನ ಸಾರಿನಲ್ಲಿ ಉಪ್ಪು ಹೋಯಿತು. ಬುಧವಾರ ಹಸಿಮೆಣಸಿನ ಚಟ್ನಿಯೇ ಇರಲಿಲ್ಲ. ಊಟ ತಪ್ಪಿಸಿದರೆ ಅದು ಜಗಳ. ಚಟ್ನಿ ತಪ್ಪಿಸಿದರೆ ಅದು ಎಚ್ಚರಿಕೆ. ನಾನು ಹಟಮಾರಿ, ಸಪ್ಪೆ ಸಾರನ್ನೇ ಚಪ್ಪರಿಸಿಕೊಂಡು ತಿಂದೆ, ಮಕ್ಕಳು ನೋಡಿ ಹೋಗಿ ಹೇಳಲಿ ಎಂದು. ಮಕ್ಕಳಂತೂ ಎರಡು ನಾಲಿಗೆ ಬೆಳೆಸಿಕೊಂಡವು. ಶಾಲೆಯ ಹೊಸಿಲ ಒಳಗೆ "ಏನು", ಹೊರಗೆ "ಅಪ್ಪಣೆ". ಸಿರಿಲೋ ಒಮ್ಮೊಮ್ಮೆ ಹೊಸಿಲ ಮೇಲೆ ನಿಂತು ಎರಡನ್ನೂ ಅನ್ನುತ್ತಿದ್ದ.

ಹೀಗಿರುವಾಗ ಮುಂದಿನ ಸೋಮವಾರ ಆ ಕಾಗದ ಬಂತು.

ಕೆಳಗಿನ ಪಟ್ಟಣದ ಕಚೇರಿಯಿಂದ, ಮೂರು ಮೊಹರು ಹೊತ್ತು. ಎರಡು ಪುಟದ ತುಂಬ ಬಣ್ಣದ ಮಾತು. ಬಿಡಿಸಿ ಓದಿದರೆ ಅರ್ಥ ಇಷ್ಟೇ. ಶಾಲೆ ಮುಚ್ಚುತ್ತಾರೆ. ಮಕ್ಕಳು ಇನ್ನು ಮುಂದೆ ಪಟ್ಟಣದ ದೊಡ್ಡ ಶಾಲೆಗೆ ಹೋಗಬೇಕು, ಸಾಮಾನಿನ ಟ್ರಕ್ಕಿನಲ್ಲಿ ಎರಡು ಗಂಟೆ ಇಳಿದು, ಎರಡು ಗಂಟೆ ಹತ್ತಿ. ಮಳೆಗಾಲದಲ್ಲಿ ಆ ರಸ್ತೆ ವಾರಕ್ಕೊಮ್ಮೆ ಕುಸಿಯುತ್ತದೆ. ಗುಡ್ಡದಾಚೆಯ ಊರಿನ ಶಾಲೆಯನ್ನು ಹಿಂದಿನ ವರ್ಷ ಹೀಗೇ ಮುಚ್ಚಿದ್ದರು. ಅಲ್ಲಿನ ಹದಿನಾಲ್ಕು ಮಕ್ಕಳಲ್ಲಿ ಈಗ ಓದುತ್ತಿರುವುದು ಮೂವರು, ಮೂವರೂ ಗಂಡುಹುಡುಗರು. ಯಾವ ಅಜ್ಜಿ ಮೊಮ್ಮಗಳನ್ನು ಆ ಟ್ರಕ್ಕಿಗೆ ಹತ್ತಿಸುತ್ತಾಳೆ? ಬ್ರಿಹಿದಾ ನಾಳೆಯಿಂದ ಜೋಳ ಅರೆಯುವ ಕಲ್ಲಿನ ಮುಂದೆ ಕೂರುತ್ತಾಳೆ. ಅಲ್ಲಿಂದ ಏಳುವುದು ಮದುವೆಗೇ.

ಒಂದೇ ಒಂದು ಸಂದಿ ಇತ್ತು. ಕಾನೂನಿನ ಪ್ರಕಾರ ಪೋಷಕರ ಸಮಿತಿಯ ಒಪ್ಪಿಗೆ ಬೇಕು. ಗುರುವಾರ ಕಚೇರಿಯ ಕೆಸಾದಾ ಸಾಹೇಬರು ಖುದ್ದಾಗಿ ಬಂದು ಅಧ್ಯಕ್ಷೆಯ ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ ಎಂದಿತ್ತು. ಹೆಬ್ಬೆಟ್ಟು ಬಿದ್ದರೆ ಮುಗಿಯಿತು, ಬೀಳದಿದ್ದರೆ ಶಾಲೆ ಉಳಿಯುತ್ತದೆ. ಆ ಹೆಬ್ಬೆಟ್ಟು ಯಾರದು? ಕರೆದ ಕೂಡಲೇ "ಅಪ್ಪಣೆ" ಅನ್ನುವ ದೋನ್ಯಾ ಕ್ರಿಸ್ಪಿನಾಳದು.

ಓಡಿದೆ. ಅವಳು ಅಂಗಳದಲ್ಲಿ ಜೋಳದ ತೆನೆ ಸುಲಿಯುತ್ತಿದ್ದಳು. ಕಾಗದವನ್ನು ಓದಿ, ಬಿಡಿಸಿ, ಕೈಕಾಲು ಆಡಿಸಿ ಹೇಳಿದೆ.

"ಒತ್ತಬೇಡಿ ದೋನ್ಯಾ. ಅವರು ಎಷ್ಟು ನಯವಾಗಿ ಹೇಳಿದ್ರೂ ಒತ್ತಬೇಡಿ. ನಾನೊಂದು ಭಾಷಣ ಬರೆದುಕೊಡ್ತೀನಿ, ಬಾಯಿಪಾಠ ಮಾಡಿ. ಎದ್ದು ನಿಂತು, ಅವರ ಕಣ್ಣಲ್ಲಿ ಕಣ್ಣಿಟ್ಟು, 'ಇಲ್ಲ' ಅನ್ನಿ."

"ನೋಡೋಣ," ಎಂದಳು, ತೆನೆಯಿಂದ ಕಣ್ಣೆತ್ತದೆ.

"ನೋಡೋಣ ಅಂದ್ರೆ? ಇದು ಬ್ರಿಹಿದಾಳ ಬಾಳು!"

"ಮಾಯೆಸ್ತ್ರಾ, ನೀನು ಬರೋಕೆ ಮುಂಚೇನೂ ಈ ಊರಿಗೆ ಸಾಹೇಬ್ರು ಬಂದಿದಾರೆ. ನೋಡೋಣ ಅಂದೆನಲ್ಲ."

ನನಗೆ ಅಳುವೇ ಬಂತು. ಮುಗಿಯಿತು ಎಂದುಕೊಂಡೆ. ಈ ಹೆಂಗಸು ನನ್ನಮ್ಮನ ಹಾಗೆ ಮೆಟ್ಟಿಲ ಬುಡಕ್ಕೆ ಓಡುವವಳು, ಕರೆದ ಕಡೆ ಹೆಬ್ಬೆರಳು ಚಾಚುವವಳು. ಮೂರು ದಿನ ಕೂತು ಭಾಷಣ ನಾನೇ ಬರೆದೆ, ನಾನೇ ಆಡುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ. ಮಕ್ಕಳಿಗೆ "ಇಲ್ಲ, ಇಲ್ಲ, ಇಲ್ಲ" ಎಂದು ಮುಷ್ಟಿ ಎತ್ತಿ ಕೂಗಲು ಕಲಿಸಿದೆ. ಸಿರಿಲೋ ಮುಷ್ಟಿ ಎತ್ತಿದಾಗಲೆಲ್ಲ ಕೋಳಿಮರಿ ಕೆಳಗೆ ಬೀಳುತ್ತಿತ್ತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಪಿಕಪ್ಪು ಬಂತು. ಕೆಸಾದಾ ಸಾಹೇಬರು ಇಳಿದರು. ಇಸ್ತ್ರಿ ಅಂಗಿ, ಹೊಳೆಯುವ ಬೂಟು, ಎಲ್ಲರ ಕೈ ಕುಲುಕುವಷ್ಟು ವಿನಯ. ಹಿಂದಿನ ಸೀಟಿನಲ್ಲಿ ಕಡತವಿತ್ತು, ಶಾಯಿಯ ಡಬ್ಬಿಯಿತ್ತು, ಹೊಚ್ಚ ಹೊಸ ಬೀಗವೊಂದಿತ್ತು. ಒಪ್ಪಿಗೆ ಸಿಗುತ್ತದೋ ಇಲ್ಲವೋ ಎಂಬ ಅನುಮಾನವೇ ಇಲ್ಲದೆ ಬಂದ ಮನುಷ್ಯ.

ಶಾಲೆಯ ಅಂಗಳದಲ್ಲಿ ಅಜ್ಜಿಯರೆಲ್ಲ ಶಾಲು ಹೊದ್ದು ಬೆಂಚುಗಳ ಮೇಲೆ ಕೂತಿದ್ದರು. ನಾಲ್ಕೈದು ಮುದುಕರು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದರು. ಮಕ್ಕಳು ಕಿಟಕಿಯ ತುಂಬ. ನಾನು ಕಾಗದ ಬಿಚ್ಚಿ ಎದ್ದು ನಿಂತೆ.

"ಸಾಹೇಬ್ರೇ, ಮೊದಲು ನಾನೊಂದು ಮಾತು..."

"ಮಾಯೆಸ್ತ್ರಾ," ಎಂದರು ನಗುನಗುತ್ತಲೇ, "ನೀವು ಕಚೇರಿಯ ನೌಕರರು. ಈ ಊರಿನವರೂ ಅಲ್ಲ. ಇವತ್ತಿನದು ಊರಿನವರ ಹತ್ತಿರ ಮಾತು. ನೀವು ಕೂತರೆ ಒಳ್ಳೇದು. ಇನ್ನೊಂದು ಮಾತಾಡಿದರೆ ನಾಳೆ ನಿಮ್ಮನ್ನ ಯಾವ ಮರಳುಗಾಡಿಗೆ ಕಳಿಸಬೇಕು ಅಂತ ನಾನು ಯೋಚಿಸಬೇಕಾಗುತ್ತೆ."

ಕೂತೆ. ನಾನು ಮೂರು ದಿನದಿಂದ ಸಾಣೆ ಹಿಡಿದ ಭಾಷಣ ಮಡಿಲಲ್ಲಿ ಸತ್ತು ಬಿದ್ದಿತ್ತು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಮುಷ್ಟಿ ಎತ್ತಬೇಕಿದ್ದ ಮಕ್ಕಳು ನಾನು ಕೂತದ್ದು ನೋಡಿ ಮುಷ್ಟಿ ಇಳಿಸಿದವು.

ಸಾಹೇಬರು ಗಂಟಲು ಸರಿ ಮಾಡಿಕೊಂಡರು. "ದೋನ್ಯಾ ಕ್ರಿಸ್ಪಿನಾ, ಸಂಕ್ಷಿಪ್ತವಾಗಿ ಹೇಳ್ತೀನಿ. ಪ್ರಾದೇಶಿಕ ಶೈಕ್ಷಣಿಕ ಸಂಪನ್ಮೂಲಗಳ ಮರುಹೊಂದಾಣಿಕೆಯ ಚೌಕಟ್ಟಿನಲ್ಲಿ ತಮ್ಮ ಕೇಂದ್ರವನ್ನು ಉನ್ನತೀಕರಿಸಿ ಸಮಗ್ರಗೊಳಿಸಲಾಗುತ್ತಿದೆ. ತಾವು ಇಲ್ಲೊಂದು ಹೆಬ್ಬೆಟ್ಟು ದಯಪಾಲಿಸಿದರೆ ಆಯಿತು."

ಕ್ರಿಸ್ಪಿನಾ ಶಾಲು ಸರಿಮಾಡಿಕೊಂಡು ಎದ್ದಳು. ತಲೆ ತುಸು ಬಗ್ಗಿಸಿದಳು.

"ಅಪ್ಪಣೆ?" ಎಂದಳು.

ನಾನು ಕಣ್ಣು ಮುಚ್ಚಿಕೊಂಡೆ.

ಸಾಹೇಬರು ಪ್ರಸನ್ನರಾದರು. ಅದೇ ವಾಕ್ಯವನ್ನು ಇನ್ನೊಮ್ಮೆ, ತುಸು ನಿಧಾನವಾಗಿ ಹೇಳಿದರು.

"ಅಪ್ಪಣೆ, ಸಾಹೇಬ್ರೇ?"

"ಅಂದ್ರೆ, ಎರಡು ಕೇಂದ್ರಗಳ ವಿಲೀನ. ಸಮಗ್ರ ವಿಲೀನ."

"ಅಪ್ಪಣೆ?"

"ವಿಲೀನ ಅಂದ್ರೆ... ಎರಡೂ ಒಂದಾಗುತ್ತೆ ಅಮ್ಮಾ. ನಿಮ್ಮದು, ಕೆಳಗಿನದು. ಒಂದು."

ಕ್ರಿಸ್ಪಿನಾ ಬಲು ಗೌರವದಿಂದ ತಲೆದೂಗಿ ಪಕ್ಕದಲ್ಲಿದ್ದ ದೋನ್ ತ್ರಾಂಕಿಲಿನೋನ ಕಡೆ ತಿರುಗಿದಳು. ಅವನು ಊರಿನಲ್ಲೆಲ್ಲ ಹಿರಿಯ, ಮುನ್ನೂರು ಹೆಜ್ಜೆ ಆಚೆ ತನ್ನ ಕತ್ತೆ ಉಸಿರೆಳೆದರೂ ಕೇಳಿಸಿಕೊಳ್ಳುವವನು. ಆತ ಕಿವಿಗೆ ಅಂಗೈ ಅಡ್ಡ ಹಿಡಿದ.

"ಅಪ್ಪಣೆ?"

ನಾನು ಕಣ್ಣು ಬಿಟ್ಟೆ.

"ತಾತಾ, ಮಕ್ಕಳು ಇನ್ನು ಮುಂದೆ ಕೆಳಗೆ ಓದ್ತಾರೆ ಅಂತ," ಎಂದರು ಸಾಹೇಬರು, ದನಿ ಏರಿಸಿ. "ದೊಡ್ಡ ಶಾಲೇಲಿ! ಒಳ್ಳೇ ಶಾಲೆ!"

"ಅಪ್ಪಣೆ?" ಎಂದಳು ಬೆಂಚಿನ ತುದಿಯ ಇನ್ನೊಬ್ಬ ಅಜ್ಜಿ.

"ಕೆಳಗೆ! ಟ್ರಕ್ಕಲ್ಲಿ ಕರ್ಕೊಂಡು ಹೋಗ್ತೀವಿ!"

"ಅಪ್ಪಣೆ?" ಎಂದಿತು ಕಿಟಕಿ. ಸಿರಿಲೋನ ದನಿ. ಅವನ ಹಿಂದೆಯೇ ಉಳಿದ ಹದಿನೆಂಟೂ, ಒಂದಾದ ಮೇಲೊಂದು, ಹಾಜರಿ ಕೂಗಿದ ಕ್ರಮದಲ್ಲೇ. ಯಾರೂ ನಗಲಿಲ್ಲ. ಯಾರೂ ದನಿ ಎತ್ತಲಿಲ್ಲ. ಎಲ್ಲರ ಮುಖದಲ್ಲೂ ಆ ಪಳಗಿದ ವಿನಯ. ವಿನಯದ ಮೇಲೆ ಯಾರಿಗೆ ತಾನೆ ರೇಗಲು ಬರುತ್ತದೆ? ರೇಗಿದರೆ ಒರಟ ಅನ್ನಿಸಿಕೊಳ್ಳುವುದು ರೇಗಿದವನೇ. ಸಾಹೇಬರ ಮಾತಿಗೆ ಸುತ್ತಿದ್ದ ಬಣ್ಣದ ಕಾಗದ ಒಂದೊಂದೇ ಪದರ ಬಿಚ್ಚಿಕೊಳ್ಳುತ್ತಿತ್ತು. ಪ್ರತಿ "ಅಪ್ಪಣೆ"ಗೂ ಒಂದು ಪದರ. ನನ್ನ ಮೂರು ದಿನದ ಭಾಷಣ ಮಾಡಲಾಗದ್ದನ್ನು ಇವರು ಒಂದೇ ಒಂದು ಮಾತಿನಿಂದ, ಅದೂ ನಾನು ಕಸದಬುಟ್ಟಿಗೆ ಹಾಕಿದ್ದ ಮಾತಿನಿಂದ, ಕೂತಲ್ಲೇ ಮಾಡುತ್ತಿದ್ದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ, ಕುಣಿಯಬೇಕು ಅನ್ನಿಸುವಷ್ಟು ಖುಷಿಯಾಯಿತು.

ಸಾಹೇಬರ ಹಣೆಯಲ್ಲಿ ಬೆವರು. ನನ್ನ ಕಡೆ ತಿರುಗಿದರು. "ಮಾಯೆಸ್ತ್ರಾ, ನೀವಾದ್ರೂ ಇವರ ಭಾಷೇಲಿ ಬಿಡಿಸಿ ಹೇಳಿ! ನಾನು ಹೇಳ್ತಿರೋದು ನಿಮಗೆ ಗೊತ್ತಾಗ್ತಿದೆ ತಾನೆ?"

ಅಂಗಳದ ಅಷ್ಟೂ ಕಣ್ಣು ನನ್ನ ಮೇಲೆ. ಕ್ರಿಸ್ಪಿನಾ ಮಾತ್ರ ನನ್ನನ್ನು ನೋಡಲಿಲ್ಲ, ಶಾಲಿನ ಅಂಚಿನ ಎಳೆ ಕೀಳುತ್ತಿದ್ದಳು. ಆ ಮಾತು ನನ್ನ ಗಂಟಲಲ್ಲಿ ಹುಟ್ಟಿ ನಲವತ್ತು ವರ್ಷವಾಗಿತ್ತು. ಎದ್ದು ನಿಂತೆ. ಕೈಕಟ್ಟಿದೆ. ತಲೆಯನ್ನು ತುಸು ಬಗ್ಗಿಸಿದೆ.

"ಅಪ್ಪಣೆ, ಸಾಹೇಬ್ರೇ?"

"ಶಾಲೆ ಮುಚ್ತೀವಿ ಅಂತ!" ಎಂದು ಅರಚಿದರು ಕೆಸಾದಾ ಸಾಹೇಬರು. "ಶಾಲೆ! ಮುಚ್ತೀವಿ! ಬೀಗ ಹಾಕ್ತೀವಿ! ಈಗಾದ್ರೂ ಕೇಳಿಸ್ತಾ?"

ಕ್ರಿಸ್ಪಿನಾ ಶಾಲಿನ ಎಳೆ ಬಿಟ್ಟಳು.

"ಕೇಳಿಸ್ತು," ಎಂದಳು ಕ್ರಿಸ್ಪಿನಾ. "ಮೊದಲೇ ಹಿಂಗೆ ಹೇಳಿದ್ರೆ ನಿಮ್ ಗಂಟಲು ಉಳೀತಿತ್ತು. ಬ್ರಿಹಿದಾ! ಬಾ ಇಲ್ಲಿ. ಸಾಹೇಬ್ರ ಕಾಗದದಲ್ಲಿ ಏನಿದೆ ಓದು."

ಸಾಹೇಬರು ಕಾಗದ ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ಬ್ರಿಹಿದಾ ಕಿಟಕಿಯಿಂದ ಹಾರಿ ಬಂದು ಮೇಜಿಗೆ ಮೊಣಕೈ ಊರಿದ್ದಳು. ಬೆರಳಿಟ್ಟು ಓದಿದಳು, ಒಂದು ಕಡೆಯೂ ತಡವರಿಸದೆ.

"'ಅತೆಂಪಾ ಗ್ರಾಮದ ಪೋಷಕರು ತಮ್ಮ ಸ್ವಂತ ಇಚ್ಛೆಯಿಂದ ಮಾಡಿಕೊಂಡ ಕೋರಿಕೆಯ ಮೇರೆಗೆ...'"

"ಕೋರಿಕೆ ಅಂದ್ರೆ?"

"ನಾವೇ ಕೇಳ್ಕೊಂಡ್ವಿ ಅಂತ, ಅಜ್ಜಿ."

"ಯಾರು ಕೇಳಿದ್ದು?" ಕ್ರಿಸ್ಪಿನಾ ಬೆಂಚುಗಳ ಕಡೆ ತಿರುಗಿದಳು. "ತ್ರಾಂಕಿಲಿನೋ, ನೀನು ಕೇಳಿದ್ಯೇನೋ?"

"ನಾನು ಕತ್ತೆಗೆ ಹೊಸ ಜೀನು ಕೇಳಿದ್ದೆ," ಎಂದ ಮುದುಕ. "ಅದೇ ಇನ್ನೂ ಬಂದಿಲ್ಲ."

ಆಗ ನಗು ಒಡೆಯಿತು. ಅಜ್ಜಿಯರು ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಮಕ್ಕಳು ಮುಚ್ಚಿಕೊಳ್ಳದೆ ನಕ್ಕವು. ಸಾಹೇಬರ ಮುಖ ಟೊಮೇಟೊ ಆಯಿತು. ಅವರ ಬೆರಳು ನನ್ನ ಕಡೆ ತಿರುಗಿತು.

"ಇದೆಲ್ಲ ನಿಮ್ಮ ಕೆಲಸ! ಬೇಕಂತ ಈ ಜನಕ್ಕೆ ಈ ನಾಟಕ ಕಲಿಸಿದೀರ!"

"ಇವಳಾ?" ಎಂದಳು ಕ್ರಿಸ್ಪಿನಾ, ನಿಜವಾಗಿಯೂ ಆಶ್ಚರ್ಯಪಟ್ಟು. "ಇವಳು ಆ ಮಾತನ್ನ ಶಾಲೇಲೇ ಆಡಬಾರ್ದು ಅಂದೋಳು ಸಾಹೇಬ್ರೇ. ಇದರ ತಲೆಬುಡ ಇವಳಿಗೆ ಗೊತ್ತಿಲ್ಲ. ಇವಳ ಮೇಲೆ ಯಾಕೆ ಸುಮ್ನೆ ಹೊರಿಸ್ತೀರ? ಇವತ್ತಷ್ಟೇ ಕಲಿತಿದಾಳೆ, ಪಾಪ."

ನನಗೆ ಇದಕ್ಕಿಂತ ದೊಡ್ಡ ಪೆಟ್ಟನ್ನೂ ಇದಕ್ಕಿಂತ ದೊಡ್ಡ ಬಿರುದನ್ನೂ ಯಾರೂ ಕೊಟ್ಟಿಲ್ಲ. ಅಮ್ಮ ಇದ್ದಿದ್ದರೆ ಅವಳ ಕೈ ಹಿಡಿದು ಕೇಳುತ್ತಿದ್ದೆ. ಆ ಮೆಟ್ಟಿಲ ಬುಡದಲ್ಲಿ ನಿಂತು ನೀನು ಎಷ್ಟು ಸಲ ಬೇಕೆಂದೇ ಅಂದಿದ್ದೆ ಅಮ್ಮಾ? ಎಷ್ಟು ಸಲ ಆ ಮನೆಯವರನ್ನು ಮೂರು ಮೂರು ಬಾರಿ ಕೂಗಿಸಿದ್ದೆ? ನನಗೆ ಒಮ್ಮೆಯೂ ಹೊಳೆಯಲೇ ಇಲ್ಲವಲ್ಲ.

ಸಾಹೇಬರು ಕಡತ ಮುಚ್ಚಹೊರಟರು. "ಇರಿ ಸಾಹೇಬ್ರೇ," ಎಂದಳು ಬ್ರಿಹಿದಾ. ಅವಳ ಬೆರಳು ಇನ್ನೂ ಕಾಗದದ ಮೇಲಿತ್ತು, ಕಟ್ಟಕಡೆಯ ಸಾಲಿನಲ್ಲಿ. "ಇಲ್ಲಿ ಇನ್ನೊಂದಿದೆ. 'ಒಪ್ಪಿಗೆ ಇಲ್ಲದಿದ್ದಲ್ಲಿ ಕಾರಣ.' ಅಲ್ಲಿ ಖಾಲಿ ಬಿಟ್ಟಿದಾರೆ."

"ಅದು ಸುಮ್ಮನೆ ಪದ್ಧತಿಗೆ ಅಂತ ಹಾಕಿರೋದು," ಎಂದರು ಸಾಹೇಬರು.

"ಬರಿ," ಎಂದಳು ಕ್ರಿಸ್ಪಿನಾ.

ಬ್ರಿಹಿದಾ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಎಲ್ಲರೂ ಕಾದರು. ನಾನೂ ಕಾದೆ, ನನ್ನ ಭಾಷಣದಲ್ಲಿ ಹದಿನೇಳು ಕಾರಣಗಳಿದ್ದವು. ರಸ್ತೆ, ಮಳೆ, ಟ್ರಕ್ಕು, ಹೆಣ್ಣುಮಕ್ಕಳು, ಗುಡ್ಡದಾಚೆಯ ಊರು. ಕ್ರಿಸ್ಪಿನಾ ಕಿಟಕಿಯ ಕಡೆ ನೋಡಿದಳು. ಹದಿನೆಂಟು ತಲೆ.

"ನಮ್ಮ ಮಕ್ಕಳು ಇಲ್ಲಿದಾರೆ. ಅಷ್ಟೇ ಬರಿ."

"ಇದು ಕಾರಣ ಅಲ್ಲ," ಎಂದರು ಸಾಹೇಬರು.

"ನಿಮಗೆ ಅಲ್ಲ," ಎಂದಳು ಕ್ರಿಸ್ಪಿನಾ. ಅವರೇ ತಂದ ಶಾಯಿಯಲ್ಲಿ ಹೆಬ್ಬೆರಳು ಅದ್ದಿ, ಬ್ರಿಹಿದಾ ಬರೆದ ಸಾಲಿನ ಕೆಳಗೆ ಒತ್ತಿದಳು. ಒಂದೊಂದಾಗಿ ಎಲ್ಲ ಅಜ್ಜಿಯರೂ ಬಂದು ಒತ್ತಿದರು. ದೋನ್ ತ್ರಾಂಕಿಲಿನೋ ತನಗೆ ಮೊಮ್ಮಕ್ಕಳೇ ಇಲ್ಲದಿದ್ದರೂ ಎರಡು ಸಲ ಒತ್ತಿದ. ಸಾಹೇಬರು ಬೇರೆ ದಾರಿ ಕಾಣದೆ ಮೊಹರು ಹಾಕಿ, ಒಂದು ಪ್ರತಿಯನ್ನು ಕ್ರಿಸ್ಪಿನಾಳಿಗೆ ಕೊಟ್ಟರು. ಅವಳು ಅದನ್ನು ನಾಲ್ಕಾಗಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಅಲ್ಲಿಂದ ಅದನ್ನು ತೆಗೆಯುವ ಧೈರ್ಯ ಯಾವ ಕಚೇರಿಗೂ ಇಲ್ಲ.

ಆದರೂ ಮನುಷ್ಯ ಹೋಗಲೊಲ್ಲ. ಅಂಗಳದ ನಡುವೆ ನಿಂತು ಕಾನೂನು, ಮೇಲಧಿಕಾರಿ, ಮುಂದಿನ ವರ್ಷ ಎಂದು ಏನೇನೋ ಹೇಳುತ್ತಲೇ ಇದ್ದರು. ಅಜ್ಜಿಯರು ಮನೆಗೆಲಸಕ್ಕೆ ಎದ್ದರು. ಹತ್ತೂವರೆಯಾಗಿತ್ತು. ಭಾಗಾಕಾರದ ಪಾಠ ಬಾಕಿ ಇತ್ತು. ಈ ಗಲಾಟೆಯಲ್ಲಿ ನಾನು ಅರ್ಧ ಬೆಳಿಗ್ಗೆ ಕಳೆದುಕೊಂಡಿದ್ದೆ, ಮಕ್ಕಳೂ ಕಳೆದುಕೊಂಡಿದ್ದವು. ನಾನು ಘಂಟೆ ಹೊಡೆದೆ.

ಮಕ್ಕಳು ಸಾಲಾಗಿ ಒಳಗೆ ಬಂದವು, ಸಾಹೇಬರ ಹೊಳೆಯುವ ಬೂಟನ್ನು ಸುತ್ತು ಹಾಕಿಕೊಂಡು. ಬ್ರಿಹಿದಾ ಕೊನೆಯವಳು, ಬೆರಳಿಗೆ ಶಾಯಿ. ಹತ್ತೊಂಬತ್ತನ್ನೂ ಎಣಿಸಿದೆ.

"ಮಾಯೆಸ್ತ್ರಾ!" ಎಂದು ಕೂಗಿದರು ಸಾಹೇಬರು ಅಂಗಳದಿಂದ. "ನಾನು ಇನ್ನೂ ಮಾತಾಡ್ತಿದೀನಿ!"

ನಾನು ಬಾಗಿಲು ಹಾಕಿದೆ. ಅವತ್ತು ಅತೆಂಪಾದ ಶಾಲೆಯನ್ನು ಮುಚ್ಚಿದ್ದು ನಾನೇ, ಒಳಗಿನಿಂದ, ಮಕ್ಕಳೆಲ್ಲ ಬಂದ ಮೇಲೆ.